ಓದು ಬಿಟ್ಟವರು, ಓದಿಸಿದವರು: ಸಂತ ಫಿಲಿಪ್ ನೇರಿ

ಮೇ ತಿಂಗಳು ಮಾತೆ ಮರಿಯಮ್ಮನವರ ತಿಂಗಳು. ಮನೆಮನೆಗಳಲ್ಲಿ ಜಪಸರ ನಡೆಯುವ ಈ ದಿನಗಳಲ್ಲಿಯೇ ಪರೀಕ್ಷೆಯ ಫಲಿತಾಂಶಗಳು ಬರುತ್ತವೆ, ಕಾಲೇಜಿಗೆ ಸೇರಿಸುವ ಓಡಾಟವೂ ಶುರುವಾಗುತ್ತದೆ. ಇದೇ ತಿಂಗಳ 26ರಂದು ಧರ್ಮಸಭೆಯು ಸಂತ ಫಿಲಿಪ್ ನೇರಿಯವರ ಸ್ಮರಣೆಯನ್ನು ಆಚರಿಸುತ್ತದೆ. ರೋಮ್ ನಗರದ ಪ್ರೇಷಿತರೆಂದು ಹೆಸರಾದ ಈ ಸಂತರು, ತಮ್ಮ ಇಪ್ಪತ್ತಮೂರನೆಯ ವಯಸ್ಸಿನ ಸುಮಾರಿಗೆ, ಪದವಿ ಕೈಸೇರುವ ಮೊದಲೇ ವಿಶ್ವವಿದ್ಯಾಲಯದ ಓದನ್ನು ಬಿಟ್ಟವರು.

ಈ ಸಂಗತಿಯನ್ನು ನಾವು ಈ ವರ್ಷ ಬೇಕೆಂದೇ ಎತ್ತಿಕೊಂಡಿದ್ದೇವೆ. ಜಪಸರಕ್ಕೆ ಹೋದ ಮನೆಗಳಲ್ಲಿ ಒಂದೇ ಚಿಂತೆಯನ್ನು ಮತ್ತೆ ಮತ್ತೆ ಕೇಳಿದೆವು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಕಾಲೇಜಿಗೆ ಹೋದಾಗ ಪಾಠ ತಮಿಳಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಮೊದಲ ವರ್ಷದಲ್ಲೇ ಎರಡು ಮೂರು ಅರಿಯರ್ಸ್ ಉಳಿದುಬಿಡುತ್ತವೆ. ಇತ್ತ ಹೊಸೂರಿನ ಕಾರ್ಖಾನೆಗಳಲ್ಲಿ ಕೆಲಸ ಸಿಗುತ್ತದೆಂದು ಗೆಳೆಯರು ಕರೆಯುತ್ತಾರೆ. ಅಪ್ಪ ಅಮ್ಮ ಸಾಲ ಮಾಡಿ ಫೀಸು ಕಟ್ಟಿರುತ್ತಾರೆ. ಬಿಡುವುದೋ, ಮುಂದುವರಿಯುವುದೋ? ಬಿಟ್ಟರೆ ಊರವರ ಮುಂದೆ ತಲೆ ಎತ್ತುವುದು ಹೇಗೆ? ಇಂಥ ಮನೆಗಳಿಗೆ ಒಬ್ಬ ಸಂತರ ಬದುಕಿನಿಂದ ಬೆಳಕು ಸಿಗಬಹುದೆಂದು ನಂಬಿ ಈ ಬರಹವನ್ನು ಓದುಗರ ಮುಂದಿಡುತ್ತಿದ್ದೇವೆ.

ಫ್ಲಾರೆನ್ಸಿನ ಹುಡುಗ

ಫಿಲಿಪ್ ಹುಟ್ಟಿದ್ದು 1515ರ ಜುಲೈ ತಿಂಗಳಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆ ಫ್ರಾಂಚೆಸ್ಕೊ ನೇರಿ ದಸ್ತಾವೇಜುಗಳನ್ನು ಬರೆದುಕೊಡುವ ನೋಟರಿ. ಮರ್ಯಾದಸ್ಥ ಮನೆತನ, ಆದರೆ ಹಣವಂತರಲ್ಲ. ಫಿಲಿಪ್ ಚಿಕ್ಕವರಿದ್ದಾಗಲೇ ತಾಯಿ ಲುಕ್ರೇಜಿಯಾ ತೀರಿಕೊಂಡರು. ಆದರೂ ಪ್ರೀತಿಗೆ ಕೊರತೆಯಾಗಲಿಲ್ಲ. ಮಲತಾಯಿ ಈ ಹುಡುಗನನ್ನು ಸ್ವಂತ ಮಗನಂತೆ ಕಂಡರು. ಮುಂದೆ ಮನೆ ಬಿಟ್ಟು ಹೊರಟಾಗ ಆಕೆ ಬಹಳ ಅತ್ತರಂತೆ. ನೆರೆಹೊರೆಯವರು ಇವರನ್ನು ಒಳ್ಳೆಯ ಪಿಪ್ಪೊ ಎಂದು ಕರೆಯುತ್ತಿದ್ದರು. ಪಿಪ್ಪೊ ಎಂದರೆ ಫಿಲಿಪ್ಪನ ಮುದ್ದಿನ ಹೆಸರು.

ಫ್ಲಾರೆನ್ಸಿನಲ್ಲಿ ಸಂತ ಮಾರ್ಕರ ಹೆಸರಿನ ದೊಮಿನಿಕನ್ ಮಠವಿತ್ತು. ಅಲ್ಲಿನ ಗುರುಗಳ ಒಡನಾಟದಲ್ಲಿ ಫಿಲಿಪ್ಪರ ಭಕ್ತಿ ಬೇರುಬಿಟ್ಟಿತು. ತಮ್ಮಲ್ಲಿ ಏನಾದರೂ ಒಳ್ಳೆಯದಿದ್ದರೆ ಅದು ಆ ಗುರುಗಳಿಂದ ಬಂದದ್ದೆಂದು ಅವರು ಮುದುಕರಾದ ಮೇಲೂ ನೆನೆಯುತ್ತಿದ್ದರು.

ಸುಮಾರು ಹದಿನೆಂಟನೆಯ ವಯಸ್ಸಿಗೆ ತಂದೆ ಅವರನ್ನು ದಕ್ಷಿಣದ ಸಾನ್ ಜೆರ್ಮಾನೊ ಎಂಬ ಊರಿಗೆ ಕಳಿಸಿದರು. ಅದು ಸಂತ ಬೆನೆಡಿಕ್ಟರ ಮಠವಿರುವ ಮೊಂತೆ ಕಸ್ಸೀನೊ ಬೆಟ್ಟದ ಬುಡದಲ್ಲಿದೆ. ಅಲ್ಲಿ ರೊಮೊಲೊ ಎಂಬ ಬಂಧು ವ್ಯಾಪಾರ ಮಾಡಿಕೊಂಡಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹುಡುಗ ವ್ಯಾಪಾರ ಕಲಿತರೆ ಅಂಗಡಿ, ಆಸ್ತಿ ಎಲ್ಲವೂ ಇವನದೇ. ಇಂಥ ಅವಕಾಶ ಸಿಕ್ಕರೆ ಯಾವ ಮನೆಯವರು ಬೇಡವೆನ್ನುತ್ತಾರೆ?

ಫಿಲಿಪ್ ಬೇಡವೆಂದರು. ಕೆಲಸದ ಬಿಡುವಿನಲ್ಲಿ ಅವರು ಗಾಯೆತಾ ಎಂಬಲ್ಲಿ ಸಮುದ್ರದ ಅಂಚಿನ ಬಂಡೆಯ ಸಂದಿನಲ್ಲಿದ್ದ ಪುಟ್ಟ ಗುಡಿಗೆ ಹೋಗಿ ಪ್ರಾರ್ಥಿಸುತ್ತಿದ್ದರು. ಕ್ರಿಸ್ತರು ಶಿಲುಬೆಯ ಮೇಲೆ ಪ್ರಾಣ ಬಿಟ್ಟಾಗ ಬಿರಿದ ಬಂಡೆಗಳಲ್ಲಿ ಇದೂ ಒಂದೆಂದು ಆ ಕಡೆಯ ಜನರ ನಂಬಿಕೆ. ಅಲ್ಲಿನ ಮೌನದಲ್ಲಿ ತಮ್ಮ ದಾರಿ ಅಂಗಡಿಯದಲ್ಲವೆಂದು ಅವರಿಗೆ ಸ್ಪಷ್ಟವಾಯಿತು. ಬಂಧುವಿಗೆ ವಂದನೆ ಹೇಳಿ, ಆಸ್ತಿಯ ಆಸೆ ಬಿಟ್ಟು, ಕೈಯಲ್ಲಿ ಹಣವಿಲ್ಲದೆ ರೋಮಿನ ದಾರಿ ಹಿಡಿದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ದಿನಕ್ಕೊಂದು ರೊಟ್ಟಿ

ಅವರು ಬಂದಾಗಿನ ರೋಮ್ ಗಾಯಗೊಂಡ ನಗರ. 1527ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನಿಕರು ನಗರವನ್ನು ಕೊಳ್ಳೆಹೊಡೆದಿದ್ದರು. ದೇವಾಲಯಗಳು ಹಾಳಾಗಿದ್ದವು, ಸಾವಿರಾರು ಜನ ಸತ್ತಿದ್ದರು, ವಿಶ್ವವಿದ್ಯಾಲಯ ಮುಚ್ಚಿಹೋಗಿತ್ತು. ಗಾಯ ಗೋಡೆಗಳಿಗಷ್ಟೇ ಆಗಿರಲಿಲ್ಲ. ಧರ್ಮಸಭೆಯ ದೊಡ್ಡ ಹುದ್ದೆಗಳಲ್ಲಿದ್ದ ಅನೇಕರಿಗೆ ಕುರಿಗಳ ಚಿಂತೆಗಿಂತ ವರಮಾನದ ಚಿಂತೆಯೇ ಹೆಚ್ಚಾಗಿತ್ತು. ಜನರು ಪಾಪನಿವೇದನೆಗೆ, ಪರಮಪ್ರಸಾದಕ್ಕೆ ಬರುವುದೇ ಅಪರೂಪವಾಗಿತ್ತು.

ಅಲ್ಲಿ ಗಲೆಯೊತ್ತೊ ಕಾಚ್ಚಾ ಎಂಬ ಫ್ಲಾರೆನ್ಸಿನವರೊಬ್ಬರು ಸುಂಕದ ಅಧಿಕಾರಿಯಾಗಿದ್ದರು. ಅವರು ತಮ್ಮ ಮನೆಯಲ್ಲಿ ಫಿಲಿಪ್ಪರಿಗೆ ಒಂದು ಕೋಣೆ ಕೊಟ್ಟರು. ಪ್ರತಿಯಾಗಿ ಫಿಲಿಪ್ ಅವರ ಇಬ್ಬರು ಗಂಡುಮಕ್ಕಳಿಗೆ ಪಾಠ ಹೇಳಬೇಕು. ಸಂಬಳವೆಂದರೆ ವರ್ಷಕ್ಕೊಮ್ಮೆ ಅಳೆದು ಕೊಡುವ ಗೋಧಿ. ಆ ಗೋಧಿಯನ್ನು ಫಿಲಿಪ್ ಒಬ್ಬ ರೊಟ್ಟಿ ಸುಡುವವನಿಗೆ ಒಪ್ಪಿಸುತ್ತಿದ್ದರು, ಅವನು ದಿನಕ್ಕೊಂದು ರೊಟ್ಟಿ ಕೊಡುತ್ತಿದ್ದ. ರೊಟ್ಟಿ, ಕೆಲವು ಆಲಿವ್ ಕಾಯಿ, ನೀರು: ಇಷ್ಟೇ ಊಟ. ಕೋಣೆಯಲ್ಲಿದ್ದದ್ದು ಒಂದು ಹಾಸಿಗೆ, ಕೆಲವು ಪುಸ್ತಕ. ಬಟ್ಟೆ ಹಾಕಲು ಒಂದು ಹಗ್ಗ.

ಹೀಗೆ ಒಂದೆರಡು ವರ್ಷ ಕಳೆದ ಮೇಲೆ ಅವರು ಓದಿಗೆ ಸೇರಿದರು. ಪೋಪ್ ಮೂರನೆಯ ಪೌಲರ ಕಾಲದಲ್ಲಿ ಮತ್ತೆ ತೆರೆದಿದ್ದ ಸಪಿಯೆನ್ಸಾ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ, ಅಗಸ್ಟೀನ್ ಸಭೆಯ ಗುರುಗಳಲ್ಲಿ ದೈವಶಾಸ್ತ್ರ. ಫಿಲಿಪ್ ಒಳ್ಳೆಯ ವಿದ್ಯಾರ್ಥಿಯೆಂದೇ ಹೆಸರು ಪಡೆದರು. ಪಾಠ ತಲೆಗೆ ಹತ್ತದೆ ಕೈಬಿಟ್ಟವರಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ದಶಕಗಳ ನಂತರವೂ ವಿದ್ವಾಂಸರು ಅವರೊಡನೆ ದೈವಶಾಸ್ತ್ರದ ಕಠಿಣ ಪ್ರಶ್ನೆಗಳನ್ನು ಚರ್ಚಿಸಿ, ಓದಿದ್ದೆಲ್ಲ ಅವರಿಗೆ ನೆನಪಿರುವುದನ್ನು ಕಂಡು ಬೆರಗಾಗುತ್ತಿದ್ದರು.

ಪುಸ್ತಕಗಳನ್ನು ಮಾರಿದರು

ಪಾಠ ನಡೆಯುತ್ತಿದ್ದ ಕೋಣೆಯೊಂದರಲ್ಲಿ ಶಿಲುಬೆಗೇರಿದ ಪ್ರಭುವಿನ ಪ್ರತಿಮೆ ಇತ್ತು. ಗುರುಗಳು ಪಾಠ ಹೇಳುತ್ತಿದ್ದರೆ ಫಿಲಿಪ್ಪರ ಕಣ್ಣು ಆ ಶಿಲುಬೆಯ ಕಡೆಗೇ ತಿರುಗುತ್ತಿತ್ತು, ಕಣ್ಣೀರು ತಡೆಯಲಾಗುತ್ತಿರಲಿಲ್ಲ. ಪುಸ್ತಕದಲ್ಲಿ ದೇವರ ವಿಷಯ ಓದುತ್ತಿದ್ದವರಿಗೆ ಎದುರಿಗಿದ್ದ ದೇವರೇ ಕರೆಯುತ್ತಿದ್ದಂತೆ ಅನ್ನಿಸಿತು. ಬಿಡುವಿನ ವೇಳೆಯಲ್ಲಿ ಆಸ್ಪತ್ರೆಗಳಿಗೆ ಹೋಗುತ್ತಿದ್ದರು; ಅಲ್ಲಿ ನೆಲದ ಮೇಲೆ ಬಿದ್ದಿದ್ದ ರೋಗಿಗಳನ್ನು ಕಂಡು ಬಂದ ಮೇಲೆ ಮತ್ತೆ ಪುಸ್ತಕ ಹಿಡಿಯುವುದು ಅವರಿಗೆ ದಿನದಿಂದ ದಿನಕ್ಕೆ ಕಷ್ಟವಾಗುತ್ತಾ ಬಂತು.

ಆ ಕಾಲದ ರೋಮಿನಲ್ಲಿ ಪದವಿಯೆಂದರೆ ಸಣ್ಣ ವಿಷಯವಲ್ಲ. ದೈವಶಾಸ್ತ್ರದಲ್ಲೋ ಧರ್ಮಸಭೆಯ ಕಾನೂನಿನಲ್ಲೋ ಡಾಕ್ಟರ್ ಪದವಿ ಪಡೆದವನಿಗೆ ಕಾರ್ಡಿನಲರ ಮನೆಗಳಲ್ಲಿ ಕೆಲಸ, ದೇವಾಲಯದ ವರಮಾನ, ಒಂದು ದಿನ ಧರ್ಮಾಧ್ಯಕ್ಷ ಪದವಿ, ಹೀಗೆ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಫಿಲಿಪ್ಪರಿಗೆ ಆ ಬಾಗಿಲುಗಳ ಆಸೆ ಇರಲಿಲ್ಲ. ಯಾಜಕರಾಗುವ ಯೋಚನೆಯೂ ಆಗ ಅವರಿಗಿರಲಿಲ್ಲ.

ಸುಮಾರು ಮೂರು ವರ್ಷ ಓದಿದ ಮೇಲೆ, 1538ರ ಸುಮಾರಿಗೆ, ಅವರು ಓದನ್ನು ನಿಲ್ಲಿಸಿದರು. ತಮ್ಮ ಪುಸ್ತಕಗಳನ್ನು ಮಾರಿ, ಬಂದ ಹಣವನ್ನು ಬಡವರಿಗೆ ಕೊಟ್ಟರು. ಅಂದಿನ ಕಾಲದಲ್ಲಿ ಪುಸ್ತಕಗಳು ಅಗ್ಗದ ವಸ್ತುಗಳಲ್ಲ. ಬಡ ವಿದ್ಯಾರ್ಥಿಯೊಬ್ಬನಿಗೆ ಇದ್ದ ಆಸ್ತಿಯೆಂದರೆ ಅವೇ.

ಇಲ್ಲಿ ನಾವು ಸ್ವಲ್ಪ ನಿಲ್ಲೋಣ. ಓದು ಬಿಟ್ಟಾಗ ಫಿಲಿಪ್ಪರು ಯಾರ ಮೇಲೂ ಭಾರ ಹೊರಿಸಲಿಲ್ಲ. ಅವರ ಫೀಸಿಗಾಗಿ ತಂದೆ ಸಾಲ ಮಾಡಿರಲಿಲ್ಲ. ಅವರ ಸಂಬಳ ಬರುತ್ತದೆಂದು ಕಾದು ಕುಳಿತ ತಂಗಿಯರಿರಲಿಲ್ಲ. ದಿನಕ್ಕೊಂದು ರೊಟ್ಟಿಯ ಬದುಕನ್ನು ಅವರು ಆಗಲೇ ಕಲಿತಾಗಿತ್ತು. ಇದನ್ನು ಮರೆತು, ಸಂತರೇ ಕಾಲೇಜು ಬಿಟ್ಟಿದ್ದಾರಲ್ಲ ಎಂದು ಯಾರಾದರೂ ಹೇಳಿದರೆ ಅದು ಅರ್ಧ ಕಥೆಯಷ್ಟೇ.

ಬಿಟ್ಟ ಮೇಲೆ

ಓದು ಬಿಟ್ಟ ಮರುದಿನ ಫಿಲಿಪ್ ಮಲಗಿ ನಿದ್ದೆ ಮಾಡಲಿಲ್ಲ. ನಗರದ ಆಸ್ಪತ್ರೆಗಳಲ್ಲಿ ರೋಗಿಗಳ ಹಾಸಿಗೆ ಸರಿಪಡಿಸಿದರು, ನೆಲ ಗುಡಿಸಿದರು, ಅನ್ನಾಹಾರ ತಿನ್ನಿಸಿದರು, ಸಾಯುವವರ ಪಕ್ಕದಲ್ಲಿ ಕುಳಿತು ಪ್ರಾರ್ಥಿಸಿದರು. ಫ್ಲಾರೆನ್ಸಿನ ಲೇವಾದೇವಿಗಾರರ ಅಂಗಡಿಗಳಿದ್ದ ಬೀದಿಗಳಲ್ಲಿ ಓಡಾಡುತ್ತಾ ಅಲ್ಲಿ ಕೆಲಸಕ್ಕಿದ್ದ ಹುಡುಗರನ್ನು ಮಾತನಾಡಿಸಿದರು. ಅವರು ಉಪದೇಶ ಮಾಡುತ್ತಿರಲಿಲ್ಲ. ತಮಾಷೆ ಮಾಡುತ್ತಿದ್ದರು, ನಗಿಸುತ್ತಿದ್ದರು, ಕೊನೆಯಲ್ಲಿ, ಒಳ್ಳೆಯ ಕೆಲಸ ಯಾವಾಗ ಶುರು ಮಾಡೋಣವೆಂದು ಕೇಳುತ್ತಿದ್ದರು. ಹುಡುಗರು ನಗುತ್ತಾ ಅವರ ಹಿಂದೆ ಆಸ್ಪತ್ರೆಗೆ ಹೋಗುತ್ತಿದ್ದರು.

ರಾತ್ರಿಗಳನ್ನು ಅವರು ಹೆಚ್ಚಾಗಿ ಪ್ರಾರ್ಥನೆಯಲ್ಲಿ ಕಳೆಯುತ್ತಿದ್ದರು. ಆದಿ ಕ್ರೈಸ್ತರನ್ನು ಹೂಳಿದ ಸಂತ ಸೆಬಾಸ್ಟಿಯನ್ನರ ಭೂಗತ ಸಮಾಧಿಗಳೆಂದರೆ ಅವರಿಗೆ ಅಚ್ಚುಮೆಚ್ಚು. 1544ರಲ್ಲಿ ಪವಿತ್ರಾತ್ಮರ ಹಬ್ಬದ ಸಮಯದಲ್ಲಿ ಅಲ್ಲಿ ಪ್ರಾರ್ಥಿಸುತ್ತಿದ್ದಾಗ ಬೆಂಕಿಯ ಉಂಡೆಯೊಂದು ತಮ್ಮೊಳಗೆ ಇಳಿದಂತೆ ಅನುಭವವಾಯಿತು. ಅಂದಿನಿಂದ ಅವರ ಹೃದಯದ ಬಡಿತ ಪಕ್ಕದಲ್ಲಿದ್ದವರಿಗೂ ತಿಳಿಯುವಷ್ಟು ಜೋರಾಯಿತು. ಅವರು ತೀರಿಕೊಂಡ ಮೇಲೆ ವೈದ್ಯರು ಪರೀಕ್ಷಿಸಿದಾಗ ಹೃದಯದ ಮೇಲಿನ ಎರಡು ಪಕ್ಕೆಲುಬುಗಳು ಮುರಿದು ಹೊರಕ್ಕೆ ಬಾಗಿದ್ದವು.

1548ರಲ್ಲಿ ತಮ್ಮ ಪಾಪನಿವೇದನೆ ಕೇಳುತ್ತಿದ್ದ ಪೆರ್ಸಿಯಾನೊ ರೋಸಾ ಗುರುಗಳೊಡನೆ ಸೇರಿ ಪರಮ ತ್ರಿತ್ವದ ಹೆಸರಿನಲ್ಲಿ ಒಂದು ಭ್ರಾತೃಸಂಘ ಕಟ್ಟಿದರು. 1550ರ ಜೂಬಿಲಿ ವರ್ಷದಲ್ಲಿ ರೋಮಿಗೆ ಬಂದ ಬಡ ಯಾತ್ರಿಕರಿಗೆ ಈ ಸಂಘದವರು ಊಟ, ವಸತಿ ಕೊಟ್ಟು, ಕಾಲು ತೊಳೆದು ಉಪಚರಿಸಿದರು. ಆಸ್ಪತ್ರೆಯಿಂದ ಹೊರಬಿದ್ದು ಇನ್ನೂ ಚೇತರಿಸಿಕೊಳ್ಳದ ಬಡವರನ್ನೂ ನೋಡಿಕೊಂಡರು.

ಹೀಗೆ ಹದಿಮೂರು ವರ್ಷ ಅವರು ಶ್ರೀಸಾಮಾನ್ಯ ವಿಶ್ವಾಸಿಯಾಗಿಯೇ ದುಡಿದರು. ಯಾಜಕರಾಗಬೇಕೆಂದು ರೋಸಾ ಗುರುಗಳು ಹೇಳಿದಾಗ ತಾವು ಅಯೋಗ್ಯರೆಂದು ಹಿಂಜರಿದರು. ಕೊನೆಗೆ ವಿಧೇಯತೆಯಿಂದ ಒಪ್ಪಿ, 1551ರ ಮೇ 23ರಂದು ಗುರುದೀಕ್ಷೆ ಪಡೆದರು. ಆಗ ಅವರ ವಯಸ್ಸು ಮೂವತ್ತೈದು. ಅಂದು ಓದಿದ್ದ ದೈವಶಾಸ್ತ್ರ ಈಗ ಉಪಯೋಗಕ್ಕೆ ಬಂತು. ಮಾರಿದ್ದು ಪುಸ್ತಕಗಳನ್ನು ಮಾತ್ರ, ಕಲಿತದ್ದನ್ನಲ್ಲ.

ಅದೇ ಕಾಲದ ಇನ್ನಿಬ್ಬರು

ಫಿಲಿಪ್ ಓದು ಬಿಟ್ಟ ದಿನಗಳಲ್ಲೇ ರೋಮಿಗೆ ಇನ್ನೊಬ್ಬರು ಬಂದು ನೆಲೆಸಿದ್ದರು: ಲೊಯೋಲದ ಸಂತ ಇಗ್ನಾಸಿಯವರು. ಇವರ ದಾರಿ ತೀರ ಬೇರೆ. ಸೈನಿಕರಾಗಿದ್ದ ಅವರು ಮೂವತ್ತು ದಾಟಿದ ಮೇಲೆ ಬಾರ್ಸೆಲೋನದಲ್ಲಿ ಚಿಕ್ಕ ಹುಡುಗರ ಜೊತೆ ಬೆಂಚಿನ ಮೇಲೆ ಕುಳಿತು ಲ್ಯಾಟಿನ್ ವ್ಯಾಕರಣ ಕಲಿತರು. ಓದದೆ ಧರ್ಮದ ವಿಷಯ ಬೋಧಿಸುತ್ತಿದ್ದಾರೆಂಬ ಆಪಾದನೆಯ ಮೇಲೆ ಸೆರೆಮನೆಯನ್ನೂ ಕಂಡರು. ಇನ್ನೂ ಓದಬೇಕೆಂದು ಪ್ಯಾರಿಸ್‌ಗೆ ಹೋದರು. ರಜೆಯಲ್ಲಿ ಫ್ಲಾಂಡರ್ಸಿನ ಸ್ಪ್ಯಾನಿಷ್ ವ್ಯಾಪಾರಿಗಳ ಬಳಿ ಭಿಕ್ಷೆ ಬೇಡಿ ಓದಿನ ಖರ್ಚು ಹೊಂದಿಸಿಕೊಂಡರು. 1535ರಲ್ಲಿ, ನಲವತ್ತು ದಾಟಿದ ಮೇಲೆ, ಎಂ.ಎ. ಪದವಿ ಪಡೆದರು. ಪಟ್ಟು ಹಿಡಿದು ಓದು ಮುಗಿಸಿದವರು ಎಂದರೆ ಇವರು.

ಪ್ಯಾರಿಸ್ಸಿನಲ್ಲಿ ಇಗ್ನಾಸಿಯವರ ಕೋಣೆಯ ಜೊತೆಗಾರರಲ್ಲಿ ಒಬ್ಬರು ಸಂತ ಫ್ರಾನ್ಸಿಸ್ ಝೇವಿಯರ್. ಅವರು ಆಗಲೇ ಎಂ.ಎ. ಮುಗಿಸಿ ಪಾಠ ಹೇಳುತ್ತಿದ್ದರು. ವಿದ್ವಾಂಸನಾಗಿ ಮೇಲೇರುವ ಕನಸನ್ನು ಬಿಟ್ಟು, 1542ರಲ್ಲಿ ಗೋವೆಗೆ ಬಂದಿಳಿದರು. 1544ರ ಜನವರಿಯಲ್ಲಿ ಅವರು ಕೊಚ್ಚಿಯಿಂದ ರೋಮಿನ ಸಂಗಡಿಗರಿಗೆ ಬರೆದ ಪತ್ರ ಪ್ರಸಿದ್ಧವಾಗಿದೆ. ಇಲ್ಲಿ ದೀಕ್ಷಾಸ್ನಾನ ಕೊಡುವವರಿಲ್ಲದೆ ಎಷ್ಟೋ ಜನ ಕ್ರೈಸ್ತರಾಗದೆ ಉಳಿದಿದ್ದಾರೆ. ಯುರೋಪಿನ ವಿಶ್ವವಿದ್ಯಾಲಯಗಳಿಗೆ ಹೋಗಿ, ಪ್ರೀತಿಗಿಂತ ಪಾಂಡಿತ್ಯವೇ ಹೆಚ್ಚಾಗಿರುವವರ ಮುಂದೆ ಹುಚ್ಚನಂತೆ ಕೂಗಬೇಕೆಂದು ತಮಗೆ ಅನ್ನಿಸುತ್ತದೆ ಎಂಬುದು ಅದರ ತಾತ್ಪರ್ಯ. ಅವರ ಮಾತು ಓದು ಬೇಡವೆಂದಲ್ಲ. ಓದಿದವರು ತಮ್ಮ ಓದಿಗೆ ದೇವರ ಮುಂದೆ ಲೆಕ್ಕ ಕೊಡಬೇಕೆಂದು.

ಒಬ್ಬರು ಬಿಟ್ಟರು, ಒಬ್ಬರು ಛಲದಿಂದ ಮುಗಿಸಿದರು, ಒಬ್ಬರು ಮುಗಿಸಿ ಅದರಾಚೆಗೆ ಹೊರಟರು. ಮೂವರೂ ಸಂತರು. ಇಗ್ನಾಸಿಯವರೂ ಫಿಲಿಪ್ಪರೂ ಪರಸ್ಪರ ಬಲ್ಲವರು. ಫಿಲಿಪ್ ದೇವಾಲಯದ ಗಂಟೆಯಂತೆ, ಎಲ್ಲರನ್ನೂ ಒಳಗೆ ಕರೆದು ತಾವು ಮಾತ್ರ ಗೋಪುರದಲ್ಲೇ ಉಳಿಯುತ್ತಾರೆಂದು ಇಗ್ನಾಸಿಯವರು ತಮಾಷೆ ಮಾಡುತ್ತಿದ್ದರಂತೆ. ಎಷ್ಟೋ ಯುವಕರನ್ನು ಯೇಸುಸಭೆಗೆ ಕಳಿಸಿ ತಾವು ಹೊರಗೇ ಉಳಿದವರು ಫಿಲಿಪ್.

ಇಂಡಿಯಾಕ್ಕೆ ಬರುವ ಆಸೆ

ಯಾಜಕರಾದ ಮೇಲೆ ಫಿಲಿಪ್ ಸಂತ ಜೆರೋಮರ ದೇವಾಲಯದಲ್ಲಿ ನೆಲೆಸಿದರು. ಬೆಳಿಗ್ಗೆಯಿಂದ ಗಂಟೆಗಟ್ಟಲೆ ಪಾಪನಿವೇದನೆ ಕೇಳುವುದೇ ಅವರ ಮುಖ್ಯ ಸೇವೆಯಾಯಿತು. ಮಧ್ಯಾಹ್ನ ಅವರ ಕೋಣೆಯಲ್ಲಿ ಯುವಕರು ಸೇರುತ್ತಿದ್ದರು. ಪ್ರಾರ್ಥನೆ, ಒಂದಿಷ್ಟು ಓದು, ಮುಕ್ತ ಮಾತುಕತೆ, ಹಾಡು. ಕೋಣೆ ಸಾಲದಾದಾಗ ದೇವಾಲಯದ ಅಟ್ಟವನ್ನು ಸರಿಪಡಿಸಿಕೊಂಡರು. ಪ್ರಾರ್ಥನೆಯ ಸ್ಥಳವೆಂಬ ಅರ್ಥದಲ್ಲಿ ಅದಕ್ಕೆ ಒರಟೋರಿ ಎಂಬ ಹೆಸರು ಬಂತು. ಅಲ್ಲಿನ ಭಕ್ತಿಗಾಯನದಿಂದಲೇ ಸಂಗೀತದಲ್ಲಿ ಒರಟೋರಿಯೊ ಎಂಬ ಪ್ರಕಾರ ಹುಟ್ಟಿ ಆ ಹೆಸರು ಪಡೆಯಿತು.

ಆ ಕೂಟಗಳಲ್ಲಿ ಇಂಡಿಯಾದಿಂದ ಬಂದ ಝೇವಿಯರರ ಪತ್ರಗಳನ್ನೂ ಓದುತ್ತಿದ್ದರು. ಕೇಳಿ ಕೇಳಿ ಫಿಲಿಪ್ಪರ ಎದೆ ಕಾದಿತು. 1557ರ ಸುಮಾರಿಗೆ ಅವರು ಸುಮಾರು ಇಪ್ಪತ್ತು ಸಂಗಡಿಗರೊಡನೆ ಇಂಡಿಯಾಕ್ಕೆ ಹೊರಡಲು ಸಿದ್ಧರಾದರು. ಇಲ್ಲಿ ಬಂದು ಶುಭಸಂದೇಶ ಸಾರಬೇಕು, ಬೇಕಾದರೆ ರಕ್ತವನ್ನೂ ಸುರಿಸಬೇಕು ಎಂಬುದು ಅವರ ಆಸೆ.

ಆಗ ಅವರಿಗೆ ನಲವತ್ತು ದಾಟಿತ್ತು. ಜನ ಅವರನ್ನು ಸಂತರೆಂದೇ ಕಾಣುತ್ತಿದ್ದರು. ಆದರೂ ಇಂಥ ನಿರ್ಧಾರವನ್ನು ಅವರು ತಮ್ಮ ಮನಸ್ಸಿನ ಬಿಸಿಯನ್ನೊಂದೇ ನಂಬಿ ಮಾಡಲಿಲ್ಲ. ಮೊದಲು ಒಬ್ಬ ಬೆನೆಡಿಕ್ಟೀನ್ ಸನ್ಯಾಸಿಯನ್ನು ಕೇಳಿದರು. ಆತ ತ್ರೆ ಫೊಂತಾನೆ ಮಠದ ಅಗೊಸ್ತೀನೊ ಗೆತ್ತೀನಿ ಎಂಬ ಸಿಸ್ಟರ್ಸಿಯನ್ ಗುರುಗಳ ಬಳಿ ಕಳಿಸಿದರು. ಗೆತ್ತೀನಿಯವರು ಪ್ರಾರ್ಥನೆ ಮಾಡಿ ಉತ್ತರಿಸಲು ಕಾಲಾವಕಾಶ ಕೇಳಿದರು. ಕೊನೆಗೆ ಅವರು ಹೇಳಿದ್ದು, ಫಿಲಿಪ್ಪರ ಇಂಡಿಯಾ ರೋಮಿನಲ್ಲೇ ಇದೆ ಎಂದು. ಫಿಲಿಪ್ ಮರುಮಾತಾಡಲಿಲ್ಲ. ಗಂಟುಮೂಟೆ ಬಿಚ್ಚಿಟ್ಟರು. ಅಂದಿನಿಂದ ಸಾಯುವವರೆಗೆ ರೋಮ್ ಬಿಟ್ಟು ಕದಲಲಿಲ್ಲ.

ಯೌವನದಲ್ಲಿ ಬಿಡುವುದು ದೇವರ ಚಿತ್ತವಾಗಿತ್ತು, ನಡುವಯಸ್ಸಿನಲ್ಲಿ ಉಳಿಯುವುದು ದೇವರ ಚಿತ್ತವಾಯಿತು. ಎರಡಕ್ಕೂ ಒಂದೇ ಮನಸ್ಸು ಬೇಕಾಗಿತ್ತು. ನಮ್ಮ ಮಟ್ಟಿಗೆ ಫಿಲಿಪ್ಪರ ಜೀವನದ ಅತಿ ದೊಡ್ಡ ಪಾಠ ಇದೇ.

ಓದಿಸಿದ ಗುರು

ತಾವು ಓದು ಬಿಟ್ಟವರಾದರೂ ಫಿಲಿಪ್ ತಮ್ಮ ಹಿಂದೆ ಬಂದ ಹುಡುಗರಿಗೆ ಓದು ಬಿಡಿ ಎಂದು ಹೇಳಿಕೊಡಲಿಲ್ಲ. 1557ರಲ್ಲಿ ಚೆಸಾರೆ ಬರೋನಿಯೊ ಎಂಬ ಹತ್ತೊಂಬತ್ತರ ತರುಣ ಕಾನೂನು ಓದಲು ರೋಮಿಗೆ ಬಂದ. ಮಗ ದೊಡ್ಡ ವಕೀಲನಾಗಬೇಕೆಂಬುದು ತಂದೆಯ ಆಸೆ. ಹುಡುಗ ಫಿಲಿಪ್ಪರ ಕೂಟಕ್ಕೆ ಬರತೊಡಗಿದ. ಕಾನೂನಿನ ಓದನ್ನೂ ಮುಂದುವರಿಸಿ 1561ರಲ್ಲಿ ಡಾಕ್ಟರ್ ಪದವಿ ಪಡೆದ. ಮುಂದೆ ಯಾಜಕನಾದ.

ಬರೋನಿಯೊ ಉಪದೇಶಕ್ಕೆ ನಿಂತರೆ ಮರಣ, ನರಕಗಳನ್ನೇ ಹೇಳಿ ಜನರನ್ನು ಹೆದರಿಸುತ್ತಿದ್ದರು. ಫಿಲಿಪ್ ಅದನ್ನು ನಿಲ್ಲಿಸಿ, ಧರ್ಮಸಭೆಯ ಇತಿಹಾಸ ಹೇಳುವಂತೆ ಅಪ್ಪಣೆ ಮಾಡಿದರು. ಬರೋನಿಯೊ ಅವರಿಗೆ ಇಷ್ಟವಿರಲಿಲ್ಲ. ಆದರೂ ವಿಧೇಯರಾದರು. ಆದಿಯಿಂದ ತಮ್ಮ ಕಾಲದವರೆಗೆ ಹೇಳಿ ಮುಗಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಲು ಹೇಳುತ್ತಿದ್ದರು. ಹೀಗೆ ವರ್ಷಗಟ್ಟಲೆ ನಡೆಯಿತು. ಜೊತೆಗೆ ಅಡಿಗೆಮನೆಯ ಕೆಲಸ ಬೇರೆ. ಬರೋನಿಯೊ ಇಲ್ಲಿನ ಕಾಯಂ ಅಡಿಗೆಯವನೆಂದು ಅವರೇ ಅಡಿಗೆಮನೆಯ ಗೋಡೆಯಲ್ಲಿ ಬರೆದಿದ್ದರಂತೆ. ಅವರನ್ನು ಕಾಣಲು ಬಂದ ವಿದ್ವಾಂಸರು ಪಾತ್ರೆ ತೊಳೆಯುತ್ತಿದ್ದ ವಿದ್ವಾಂಸನನ್ನು ಕಾಣುತ್ತಿದ್ದರು. ಆ ಶ್ರಮದ ಫಲವಾಗಿ 1588ರಲ್ಲಿ ಧರ್ಮಸಭೆಯ ವಾರ್ಷಿಕ ಇತಿಹಾಸದ ಮೊದಲ ಸಂಪುಟ ಹೊರಬಂತು. ಕೊನೆಗೆ ಅದು ಹನ್ನೆರಡು ಸಂಪುಟಗಳಾಯಿತು. ಬರೋನಿಯೊ ಕಾರ್ಡಿನಲರಾದರು. ಪದವಿಯಿಲ್ಲದ ಗುರು ಪದವೀಧರ ಶಿಷ್ಯನಿಂದ ಆ ಶತಮಾನದ ದೊಡ್ಡ ವಿದ್ವತ್ ಕೃತಿಯೊಂದನ್ನು ಬರೆಸಿದರು.

ಇನ್ನೊಬ್ಬ ಕಾನೂನು ವಿದ್ಯಾರ್ಥಿ ಫ್ರಾಂಚೆಸ್ಕೊ ತನ್ನ ಯೋಜನೆಗಳನ್ನೆಲ್ಲ ಫಿಲಿಪ್ಪರ ಮುಂದೆ ಬಿಚ್ಚಿಟ್ಟ. ಓದು ಮುಗಿಸುತ್ತೇನೆ, ವಕೀಲನಾಗುತ್ತೇನೆ, ಹಣ ಮಾಡುತ್ತೇನೆ, ಹುದ್ದೆ ಹಿಡಿಯುತ್ತೇನೆ ಎಂದು ಅವನ ಮಾತು ಸಾಗಿತು. ಫಿಲಿಪ್ ಬೈಯಲಿಲ್ಲ. ಪ್ರತಿ ಮಾತಿಗೂ ಆಮೇಲೇನು ಎಂದಷ್ಟೇ ಮೆಲ್ಲಗೆ ಕೇಳುತ್ತಾ ಹೋದರು. ಆ ಪ್ರಶ್ನೆ ಹುಡುಗನ ನಿದ್ದೆ ಕೆಡಿಸಿತು. ಕೊನೆಗೆ ಅವನೂ ಒರಟೋರಿಯ ಯಾಜಕನಾದ.

1575ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿಯವರು ಫಿಲಿಪ್ಪರ ಸಂಗಡಿಗರನ್ನು ಒರಟೋರಿಯನ್ ಸಂಸ್ಥೆಯಾಗಿ ಅಂಗೀಕರಿಸಿ, ವಲ್ಲಿಚೆಲ್ಲಾದ ಮಾತೆಯ ದೇವಾಲಯವನ್ನು ಕೊಟ್ಟರು. ತಮಗೆ ಕಾರ್ಡಿನಲ್ ಪದವಿ ಕೊಡುವ ಮಾತು ಬಂದಾಗ ಫಿಲಿಪ್ ನಕ್ಕು ತಪ್ಪಿಸಿಕೊಂಡರು. ಜನ ತಮ್ಮನ್ನು ಸಂತನೆಂದು ಹೊಗಳಬಾರದೆಂದು ಅರ್ಧ ಗಡ್ಡ ಬೋಳಿಸಿಕೊಂಡು ಬೀದಿಯಲ್ಲಿ ನಡೆದರು. 1595ರ ಮೇ 26ರ ನಸುಕಿನಲ್ಲಿ, ಪರಮಪ್ರಸಾದದ ಹಬ್ಬ ಕಳೆದ ರಾತ್ರಿ, ಶಾಂತವಾಗಿ ಪ್ರಾಣ ಬಿಟ್ಟರು. ಎಂಬತ್ತು ತುಂಬಲು ಎರಡು ತಿಂಗಳಿತ್ತು.

ಇಂಡಿಯಾಕ್ಕೆ ಬರುವ ಅವರ ಆಸೆ ಬೇರೊಂದು ರೀತಿಯಲ್ಲಿ ನೆರವೇರಿತು. ಸುಮಾರು ತೊಂಬತ್ತು ವರ್ಷಗಳ ನಂತರ ಗೋವೆಯಲ್ಲಿ ಭಾರತೀಯ ಯಾಜಕರೇ ಸೇರಿ ಒರಟೋರಿಯನ್ನು ಕಟ್ಟಿದರು. ಕೆನರಾ ಪ್ರಾಂತ್ಯದಲ್ಲಿ ಊರೂರು ಅಲೆದು ವಿಶ್ವಾಸಿಗಳನ್ನು ಒಗ್ಗೂಡಿಸಿದ್ದ ಸಂತ ಜೋಸೆಫ್ ವಾಸ್ ಅವರು 1685ರಲ್ಲಿ ಅದನ್ನು ಸೇರಿ ಮುನ್ನಡೆಸಿದರು, ಅಲ್ಲಿಂದ ಶ್ರೀಲಂಕಾಕ್ಕೆ ಹೋಗಿ ಅಲ್ಲಿನ ಧರ್ಮಸಭೆಗೆ ಮರುಜೀವ ಕೊಟ್ಟರು. ಕನ್ನಡ ನಾಡಿನ ಕರಾವಳಿಯ ಕ್ರೈಸ್ತರಿಗೆ ಫಿಲಿಪ್ಪರು ಹೊರಗಿನವರಲ್ಲ.

ನಮ್ಮ ಮನೆಗಳಿಗೆ

1622ರ ಮಾರ್ಚ್ 12ರಂದು ಪೋಪ್ ಹದಿನೈದನೆಯ ಗ್ರೆಗೊರಿಯವರು ಒಂದೇ ದಿನ ಐವರಿಗೆ ಸಂತ ಪದವಿ ನೀಡಿದರು. ಎಂ.ಎ. ಓದಿದ ಇಗ್ನಾಸಿ ಮತ್ತು ಝೇವಿಯರ್, ಓದು ನಡುವೆ ಬಿಟ್ಟ ಫಿಲಿಪ್, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಅವಿಲಾದ ತೆರೇಸಾ, ಬೇರೆಯವರ ಹೊಲ ಉಳುತ್ತಿದ್ದ ರೈತ ಇಸಿದೋರ್. ಪರಲೋಕದಲ್ಲಿ ಮಾರ್ಕ್ಸ್ ಕಾರ್ಡ್ ನೋಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಬಿಟ್ಟರೂ ಒಂದೇ, ಮುಗಿಸಿದರೂ ಒಂದೇ ಎಂದಲ್ಲ. ಕಾಲೇಜು ಬಿಡಬೇಕೆಂದಿರುವ ನಮ್ಮ ಮಕ್ಕಳು ಫಿಲಿಪ್ಪರ ಪ್ರಶ್ನೆಯನ್ನೇ ಕೇಳಿಕೊಳ್ಳಲಿ: ಆಮೇಲೇನು? ಮುಂದೆ ಮಾಡುವ ಕೆಲಸವೊಂದು ಕಣ್ಣೆದುರು ಇದೆಯೇ, ಅಥವಾ ಪರೀಕ್ಷೆಯ ಭಯಕ್ಕೆ ಓಡುತ್ತಿದ್ದೇವೆಯೇ? ಭಾಷೆಯ ತೊಡಕಿನಿಂದ ಉಳಿದ ಅರಿಯರ್ಸ್ ಬುದ್ಧಿಯ ಸೋಲಲ್ಲ. ಅದು ಇಗ್ನಾಸಿಯವರ ಲ್ಯಾಟಿನ್ ಬೆಂಚು. ಅಂಥವರಿಗೆ ಬೇಕಾದ್ದು ಇನ್ನೊಂದು ವರ್ಷ ಮತ್ತು ಪಕ್ಕದಲ್ಲಿ ಕುಳಿತು ಹೇಳಿಕೊಡುವವರು. ಧರ್ಮಕೇಂದ್ರದಲ್ಲಿ ಓದಿ ಕೆಲಸದಲ್ಲಿರುವ ಅಣ್ಣಂದಿರು, ಅಕ್ಕಂದಿರು ಈ ಬೆಂಚಿನಲ್ಲಿ ಕುಳಿತುಕೊಳ್ಳಬೇಕು. ನಮ್ಮ ಯುವಜನ ಸಂಘಕ್ಕೆ ಇದಕ್ಕಿಂತ ದೊಡ್ಡ ಕೆಲಸ ಯಾವುದಿದೆ?

ಬಿಡುವುದೇ ಸರಿಯೆಂದು ಕಂಡರೆ, ಫಿಲಿಪ್ ಇಂಡಿಯಾದ ವಿಷಯದಲ್ಲಿ ಮಾಡಿದಂತೆ, ಒಬ್ಬರನ್ನಲ್ಲ ಇಬ್ಬರನ್ನು ಕೇಳಿ. ಉತ್ತರ ಬರುವವರೆಗೆ ಕಾಯಿರಿ. ನಿಮಗೆ ಬೇಕಾದ ಉತ್ತರ ಬರದಿದ್ದರೂ ಕೇಳಿಸಿಕೊಳ್ಳಿ. ಮನೆಯ ಸಾಲವನ್ನು ಯಾರು ತೀರಿಸುತ್ತಾರೆಂದು ಅಪ್ಪನ ಎದುರು ಕುಳಿತು ಮಾತಾಡಿ.

ಅಪ್ಪ ಅಮ್ಮಂದಿರಲ್ಲಿ ನಮ್ಮದೊಂದು ವಿನಂತಿ. ಕಾಲೇಜು ಬಿಟ್ಟು ಮನೆಗೆ ಬಂದ ಮಗನನ್ನು, ಮಗಳನ್ನು ನೆಂಟರ ಮುಂದ ಬಚ್ಚಿಡಬೇಡಿ. ನಾಚಿಕೆಗೆ ಹೆದರಿ ಭಾನುವಾರದ ಬಲಿಪೂಜೆಗೂ ಬಾರದ ಮಕ್ಕಳು ನಮ್ಮಲ್ಲಿದ್ದಾರೆ. ಬೀದಿಯಲ್ಲಿ ನಿಂತ ಅಂಗಡಿ ಹುಡುಗರನ್ನು ನಗುತ್ತಾ ಕರೆದ ಸಂತರ ಹಬ್ಬದಂದು ಅವರನ್ನು ನಾವೇ ಹೋಗಿ ಕರೆತರೋಣ. ದೇವಾಲಯದ ಗಂಟೆ ಅವರಿಗಾಗಿಯೂ ಬಾರಿಸುತ್ತಿದೆ.

ಸಂತ ಫಿಲಿಪ್ ನೇರಿಯವರೇ, ನಮ್ಮ ವಿದ್ಯಾರ್ಥಿಗಳಿಗಾಗಿ, ಅವರ ಹೆತ್ತವರಿಗಾಗಿ, ನಮಗೆಲ್ಲರಿಗಾಗಿ ಪ್ರಾರ್ಥಿಸಿರಿ.